ಸುಸ್ಥಿರತೆ ಕಲಿಸೋಕೆ ಮೂರು ದಾರಿ: ಮೂರನ್ನೂ ಮಾಡಿ ನೋಡಿದ ಮೇಲೆ

ಸ್ನಾತಕೋತ್ತರ ತರಗತಿಗಳಲ್ಲಿ ಸುಸ್ಥಿರತೆಯನ್ನು ಮೂರು ರೀತಿ ಕಲಿಸಿ ನೋಡಿದ್ದೇನೆ. ಎಲ್ಲ ವಿಭಾಗಕ್ಕೂ ಒಂದೇ ಕಾಮನ್ ಪೇಪರ್ ಇಡುವುದು ಒಂದು. ಆಯಾ ವಿಷಯದ ಪೇಪರ್ ಒಳಗೇ ಬೆರೆಸುವುದು ಇನ್ನೊಂದು. ಬೇರೆಬೇರೆ ವಿಭಾಗದವರನ್ನು ಒಂದೇ ಗುಂಪಿಗೆ ಹಾಕಿ ಪ್ರಾಜೆಕ್ಟ್ ಮಾಡಿಸುವುದು ಮೂರನೆಯದು.

ಕಾಮನ್ ಪೇಪರ್ ನಡೆಸೋದು ಸುಲಭ. ಒಬ್ಬರೇ ಮೇಷ್ಟ್ರು, ಒಂದೇ ಪ್ರಶ್ನೆಪತ್ರಿಕೆ. ಸುಸ್ಥಿರ ಅಭಿವೃದ್ಧಿ ಅಂದರೇನು ಅಂತ ಹೇಳಿದ 1987ರ ಬ್ರಂಟ್‌ಲ್ಯಾಂಡ್ ವರದಿ, 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳು, ಹೀಗೆ ಸಾಗುತ್ತದೆ. 17 ಗುರಿಗಳನ್ನೂ ಗಡಗಡ ಒಪ್ಪಿಸಿದ ಒಬ್ಬ ಹುಡುಗನಿಗೆ, ‘ನಿನ್ನ ಪ್ರಾಜೆಕ್ಟಿನ ಬ್ಯಾಟರಿ ಸತ್ತ ಮೇಲೆ ಎಲ್ಲಿಗೆ ಹೋಗುತ್ತೆ?’ ಅಂತ ಕೇಳಿದೆ. ಪಿಳಿಪಿಳಿ ನೋಡಿದ. ಅವನ ತಪ್ಪಲ್ಲ ಬಿಡಿ, ನಾವು ಅದನ್ನು ಕೇಳಿಯೇ ಇರಲಿಲ್ಲ.

ಒಳಗೇ ಬೆರೆಸಿದ್ದು ಬೇರೆಯೇ ಕಥೆ. ಅರ್ಥಶಾಸ್ತ್ರದ ಸಹೋದ್ಯೋಗಿಯ ತರಗತಿಯಲ್ಲಿ ಒಂದು ಲೆಕ್ಕ ಕೊಟ್ಟೆವು. 100 ವರ್ಷದ ನಂತರ 1000 ಕೋಟಿ ನಷ್ಟ ಆಗುತ್ತೆ ಅಂದುಕೊಳ್ಳಿ, ಇವತ್ತಿನ ಲೆಕ್ಕದಲ್ಲಿ ಅದು ಎಷ್ಟು? ಮುಂದೆ ಬರುವ ಹಣದ ಬೆಲೆಯನ್ನು ಇವತ್ತಿಗೆ ತರುವಾಗ ವರ್ಷಕ್ಕೆ ಇಷ್ಟು ಅಂತ ಇಳಿಸುವ ದರವೇ ಡಿಸ್ಕೌಂಟ್ ದರ. ಅದನ್ನು ವರ್ಷಕ್ಕೆ ಶೇ. 5 ಹಾಕಿದರೆ ಸುಮಾರು 7.6 ಕೋಟಿ. ಹವಾಮಾನ ಬದಲಾವಣೆಯ ಅರ್ಥಶಾಸ್ತ್ರದ ಬಗ್ಗೆ ಬಂದ 2006ರ ಸ್ಟರ್ನ್ ವರದಿಯಂತೆ ಶೇ. 1.4 ಹಾಕಿದರೆ ಹತ್ತಿರಹತ್ತಿರ 249 ಕೋಟಿ. ಎಕ್ಸೆಲ್‌ನಲ್ಲಿ ಬದಲಾಗಿದ್ದು ಒಂದೇ ಒಂದು ಖಾನೆ. ‘ಅಂದ್ರೆ ಮರಿಮೊಮ್ಮಕ್ಕಳೆಲ್ಲ ಈ ಒಂದು ಖಾನೇಲಿ ಕೂತಿದ್ದಾರಾ ಸಾರ್?’ ಅಂದಳು ಒಬ್ಬಳು. ನನ್ನ ಕಾಮನ್ ಪೇಪರ್ ಒಂದು ಸೆಮಿಸ್ಟರ್‌ನಲ್ಲೂ ಇಂಥ ಪ್ರಶ್ನೆ ಹುಟ್ಟಿಸಿರಲಿಲ್ಲ. ಆದರೆ ಮರುವರ್ಷ ಆ ಸಹೋದ್ಯೋಗಿ ರಜೆ ಹಾಕಿದರು. ಬದಲಿಗೆ ಬಂದವರು ಲೆಕ್ಕ ಕೈಬಿಟ್ಟರು. ಸಿಲಬಸ್‌ನಲ್ಲಿ ಇರಲಿಲ್ಲ ನೋಡಿ, ಯಾರಿಗೂ ಗೊತ್ತೇ ಆಗಲಿಲ್ಲ.

ಪ್ರಾಜೆಕ್ಟಿಗೆ ಕೊಟ್ಟ ಪ್ರಶ್ನೆ ತೀರಾ ಸಾದಾ: ಬಟ್ಟೆ ಚೀಲವೋ, ಪ್ಲಾಸ್ಟಿಕ್ ಚೀಲವೋ? ಮೊದಲ ವಾರ ಬರೀ ಜಗಳ. ಒಂದು ಚೀಲಕ್ಕೆ ಒಂದು ಚೀಲ ಹೋಲಿಸೋದಾ, ಇಲ್ಲಾ ಒಂದು ತಿಂಗಳ ಸಾಮಾನು ಹೊರೋ ಲೆಕ್ಕ ಹಿಡಿಯೋದಾ? ಬ್ರಿಟನ್ನಿನ ಪರಿಸರ ಸಂಸ್ಥೆಯ 2011ರ ಅಧ್ಯಯನವನ್ನು ಎಂಜಿನಿಯರಿಂಗ್‌ನವರು ತಂದರು. ಹವಾಮಾನಕ್ಕೆ ಆಗುವ ಹಾನಿಯ ಲೆಕ್ಕದಲ್ಲಿ, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಬೇಕಾದರೆ ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಅವರಿಗೆ ಅಲ್ಲಿಗೆ ಕೆಲಸ ಮುಗಿದಿತ್ತು. ‘131 ಸಲ ಯಾರು ಹೊತ್ಕೊಂಡು ಹೋಗ್ತಾರೆ?’ ಅಂದಳು ಮ್ಯಾನೇಜ್‌ಮೆಂಟ್ ಹುಡುಗಿ. ‘ಚರಂಡಿಯಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಈ ಸಂಖ್ಯೆಯೊಳಗೆ ಎಲ್ಲಿದೆ?’ ಅಂದ ಕಾನೂನು ಓದುವವನು. ನಾನು ಸುಮ್ನೆ ಕೂತು ಕೇಳಿದೆ.

ಕಲಿಕೆಯಲ್ಲಿ ಇದೇ ಗೆದ್ದಿತು, ಅನುಮಾನವಿಲ್ಲ. ತಲೆನೋವೂ ಇದರಲ್ಲೇ ಜಾಸ್ತಿ. ನಾಲ್ಕು ವಿಭಾಗಕ್ಕೂ ಬಿಡುವಿರುವ ಒಂದು ಗಂಟೆ ಸಿಗಲಿಲ್ಲ. ಅಂಕ ಯಾವ ವಿಭಾಗದ ಲೆಕ್ಕಕ್ಕೆ ಅನ್ನೋ ಪತ್ರಗಳೇ ಒಂದು ಫೈಲ್ ಆದವು.

ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ, ಆದರೆ ಸಿಲಬಸ್‌ನಲ್ಲಿ ಬರೆಸಿಕೊಂಡು. ಈ ಸಲ ಆ ದರದ ಲೆಕ್ಕಕ್ಕೆ ಪರೀಕ್ಷೆಯಲ್ಲಿ 10 ಅಂಕ ಇದೆ. ಚೀಲದ ಜಗಳಕ್ಕೆ ಶನಿವಾರ ಮಧ್ಯಾಹ್ನ ಸಿಕ್ಕಿದೆ, ಬೇರೆ ಯಾರಿಗೂ ಬೇಡದ ಹೊತ್ತು.