ಅಡಿಕೆ ತಕ್ಕಡಿಗೆ ಏರಿದ ಸೈಕಲ್: 5 ಮಳೆಗಾಲದ ಲೆಕ್ಕ

ಸೈಕಲ್ ಮನೆಗೆ ಬಂದ ದಿನವೇ ಅದನ್ನು ಅಡಿಕೆ ತೂಗುವ ತಕ್ಕಡಿಗೆ ಸಿಕ್ಕಿಸಿ ನೋಡಿದ್ದೆ. 18 ಕಿಲೋ 400 ಗ್ರಾಂ. ಅಪ್ಪ ಕನ್ನಡಕ ಏರಿಸಿ ಮುಳ್ಳು ನೋಡಿ, "ನಮ್ಮ ಗಿಡ್ಡ ದನದ ಕರು ಹುಟ್ಟುವಾಗ ಇದಕ್ಕಿಂತ ಹಗುರ ಇರ್ತದೆ" ಎಂದರು. ಸುಳ್ಳಲ್ಲ.

ಇದು 2020ರ ಅಕ್ಟೋಬರ್‌ನ ಮಾತು. ಕೊರೋನಾ ಕಾಲ, ಊರಿಡೀ ಸೈಕಲ್ ಹುಚ್ಚು, ಕೇಳಿದ ಅಂಗಡಿಯಲ್ಲೆಲ್ಲ ಸ್ಟಾಕ್ ಇಲ್ಲ. ಮಂಗಳೂರಿನ ಒಂದು ಅಂಗಡಿಯ ಮೂಲೆಯಲ್ಲಿ ಇದೊಂದು ಉಳಿದಿತ್ತು. ಉಕ್ಕಿನ ಫ್ರೇಮ್, ಉಕ್ಕಿನದೇ ಫೋರ್ಕ್, ಸಸ್ಪೆನ್ಷನ್ ಇಲ್ಲ. ಬಿಲ್ಲಿನ ಹಾಗೆ ಬಾಗಿದ ಮೇಲಿನ ಪೈಪು, ಬಸಳೆ ಎಲೆಯ ಹಸಿರು, ಬದಿಯಲ್ಲಿ ಕಂದು ಬಣ್ಣದ ಟಯರು. 13,800 ರೂಪಾಯಿ. ನೋಡಿದ ಕೂಡಲೇ ಮರುಳಾದೆ. ಶಾಲೆಗೆ ಹೋಗುವಾಗ ಪಕ್ಕದ ಮನೆಯ ಹುಡುಗನ ರೇಂಜರ್ ಸೈಕಲ್ ನೋಡಿ ಹೊಟ್ಟೆ ಉರಿಸಿಕೊಂಡವರಿಗೆ ಇದು ಅರ್ಥ ಆದೀತು. ಕಂಪನಿಯ ಹೆಸರು ಬರೆಯುವುದಿಲ್ಲ, ಆ ಮಾಡೆಲ್ ಈಗ ಬರುವುದೂ ಇಲ್ಲ. ಆದರೆ ಇದೇ ಜಾತಿಯ ಹಳೇ ಕಾಲದ ಚಂದದ, ಭಾರದ ಸೈಕಲ್ಲುಗಳು ಈಗಲೂ ಸಿಗುತ್ತವೆ. ತೆಗೆದುಕೊಳ್ಳುವವರಿಗೆ ನನ್ನ ಖರ್ಚಿನ ಕಥೆ ಉಪಯೋಗಕ್ಕೆ ಬರಲಿ.

ಈ ಬಾಗಿದ ಪೈಪಿಗೆ ಒಂದು ಮೂಲ ಉಂಟು. 1970ರ ದಶಕದಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ಪಕ್ಕದ ಮರಿನ್ ಕೌಂಟಿಯ ಹುಡುಗರು ಶ್ವಿನ್ ಕಂಪನಿಯ ಹಳೆಯ, ಹೀಗೆಯೇ ಪೈಪು ಬಾಗಿದ, ದಪ್ಪ ಟಯರಿನ ಸೈಕಲ್ಲುಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು ಗುಡ್ಡದಿಂದ ಇಳಿಸುತ್ತಿದ್ದರು. ಬ್ರೇಕ್ ಇದ್ದದ್ದು ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೆ. ಒಂದು ಸಲ ಇಳಿದರೆ ಗ್ರೀಸ್ ಸುಟ್ಟು ಹೊಗೆ ಬರುತ್ತಿತ್ತು, ಮತ್ತೆ ತುಂಬಬೇಕು. ಆ ಇಳಿಜಾರಿಗೆ 'ರೀಪ್ಯಾಕ್' ಎಂಬ ಹೆಸರು ಬಿದ್ದದ್ದೇ ಹಾಗೆ. 1977ರಲ್ಲಿ ಜೋ ಬ್ರೀಜ್ ಎಂಬವರು ಈ ಕೆಲಸಕ್ಕೆಂದೇ ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಮ್ ಬೆರೆಸಿದ) ಉಕ್ಕಿನಲ್ಲಿ ಫ್ರೇಮ್ ಕಟ್ಟಿದರು. ನನ್ನದು ಕ್ರೋಮೊಲಿ ಅಲ್ಲ, ಹೈ-ಟೆನ್ ಎನ್ನುವ ಸಾದಾ ಉಕ್ಕು. ಕ್ರೋಮೊಲಿ ಪೈಪನ್ನು ತೆಳ್ಳಗೆ ಮಾಡಿದರೂ ತಡೆದುಕೊಳ್ಳುತ್ತದೆ. ಹೈ-ಟೆನ್ ಅಗ್ಗ, ಆದರೆ ಪೈಪು ದಪ್ಪ ಇರಬೇಕು. ಭಾರ ಬರುವುದು ಅಲ್ಲಿಂದ. ಯಾವ ಪಾರ್ಟ್ ಬದಲಿಸಿದರೂ ಆ ಭಾರ ಹೋಗುವುದಿಲ್ಲ. ಇಷ್ಟು ತಲೆಗೆ ಹೋಗಲು ನನಗೆ ಎರಡು ವರ್ಷ ಮತ್ತು ಸುಮಾರು 4,000 ರೂಪಾಯಿ ಬೇಕಾಯಿತು.

ನನ್ನ ದಾರಿ ಹೇಳುತ್ತೇನೆ. ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಒಳಗೆ ಮನೆ, ಬದಿಯಡ್ಕದಲ್ಲಿ ಕೆಲಸ. ಒಂದು ಕಡೆಗೆ 7 ಕಿಲೋಮೀಟರ್. ಅದರಲ್ಲಿ ಮೊದಲ ಒಂದು ಕಿಲೋಮೀಟರ್ ಮುರಕಲ್ಲಿನ (ಕೆಂಪುಕಲ್ಲಿನ) ಕಚ್ಚಾ ರಸ್ತೆ. ತೋಟದಿಂದ ಗುಡ್ಡೆಗೆ ಹತ್ತುವ ಚಡಾವು, ಬರುವಾಗ ಅದೇ ಇಳಿಜಾರು. ಆಮೇಲೆ ಕುಂಬಳೆ-ಬದಿಯಡ್ಕ ಡಾಮಾರು ರಸ್ತೆ, ಅದರ ಬಗ್ಗೆ ದೂರು ಇಲ್ಲ.

ಮೊದಲ ಪಾಠ ಕಲಿಸಿದ್ದು ಬ್ರೇಕು. ಸೈಕಲ್ ಜೊತೆ ಬಂದದ್ದು ಕ್ರೋಮ್ ಹೊಳಪಿನ ಸ್ಟೀಲ್ ರಿಮ್ಮು. ಬೇಸಗೆಯಲ್ಲಿ ತಕರಾರಿಲ್ಲ. 2021ರ ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಸಂಜೆ ಮನೆಗೆ ಇಳಿಯುವಾಗ ಎರಡೂ ಬ್ರೇಕ್ ಒತ್ತಿ ಹಿಡಿದಿದ್ದೇನೆ, ಸೈಕಲ್ ಮಾತ್ರ ತನ್ನ ಪಾಡಿಗೆ ಹೋಗುತ್ತಿದೆ. ಒದ್ದೆ ಕ್ರೋಮ್ ಮೇಲೆ ಬ್ರೇಕಿನ ರಬ್ಬರ್ ಕಟ್ಟೆ, ಅಂದರೆ ಬ್ರೇಕ್ ಶೂ, ಸಾಬೂನಿನ ಹಾಗೆ ಜಾರುತ್ತದೆ. 18 ಕಿಲೋ ಸೈಕಲ್, 74 ಕಿಲೋ ನಾನು. ತಿರುವಿನಲ್ಲಿ ತಿರುಗಲಿಲ್ಲ, ಸೀದಾ ತೋಟದ ಕಣಿಗೆ (ನೀರಿನ ಚರಂಡಿಗೆ) ಇಳಿದೆ. ಮೊಣಕಾಲು ಹರಿಯಿತು. ಸೈಕಲ್ಲಿಗೆ ಗೀರು ಕೂಡ ಆಗಲಿಲ್ಲ, ಅದೇ ಜಾಸ್ತಿ ಸಿಟ್ಟು ಬಂದದ್ದು.

ಮರುವಾರವೇ ಅಲ್ಯೂಮಿನಿಯಂ ಡಬಲ್ ವಾಲ್ ರಿಮ್ ಎರಡು, 72 ಹೊಸ ಕಡ್ಡಿ, ಒಳ್ಳೆಯ ಬ್ರೇಕ್ ಕಟ್ಟೆ. ಕೂಲಿ ಸೇರಿ 3,200. ಈ ಸೈಕಲ್ಲಿಗೆ ನಾನು ಮಾಡಿದ ಖರ್ಚಿನಲ್ಲಿ ಇದಕ್ಕೆ ಮೊದಲ ಸ್ಥಾನ. ಬೇರೆ ಏನೂ ಬದಲಿಸದಿದ್ದರೂ ಪರವಾಗಿಲ್ಲ, ಸ್ಟೀಲ್ ರಿಮ್ ಇದ್ದರೆ ಮಳೆಗೆ ಮೊದಲು ತೆಗೆಸಿ. ಒಂದೇ ಲೋಪ, ನಮ್ಮ ಕೆಂಪು ಮಣ್ಣಿನ ನೀರು ಸಾಣೆಕಲ್ಲಿನ ಹಾಗೆ. ಕಟ್ಟೆಗಳು ಒಂದು ಮಳೆಗಾಲಕ್ಕೆ ಮುಗಿಯುತ್ತವೆ, ರಿಮ್ಮಿನ ಬದಿಯೂ ಮೆಲ್ಲ ಸವೆಯುತ್ತದೆ. ವರ್ಷಕ್ಕೊಮ್ಮೆ ಉಗುರು ಆಡಿಸಿ ಗುಂಡಿ ಬಿದ್ದಿದೆಯೋ ನೋಡುತ್ತೇನೆ. ಹಳೆಯ ಸ್ಟೀಲ್ ರಿಮ್ಮುಗಳ ಮೇಲೆ ಅಮ್ಮ ಬಸಳೆ ಹಬ್ಬಿಸಿದ್ದಾರೆ.

ರಿಮ್ ಜೊತೆ ಇನ್ನೊಂದು ಮೋಸ ಹೋಗುವ ಜಾಗ ಉಂಟು. 26 ಇಂಚು ಅಂದರೆ ಎಲ್ಲ ಒಂದೇ ಅಲ್ಲ. ಎಂಟಿಬಿ (ಮೌಂಟನ್ ಬೈಕ್) ಟಯರು ಕೂರುವ ಅಳತೆ 559 ಮಿಲಿಮೀಟರ್. ಹಳೆಯ ಲೇಡೀಸ್ ಸೈಕಲ್ಲಿಗೆ ಬರುವ 26 ಗುಣಿಸು 1 3/8 ಟಯರಿನದು 590. ನಾನು ಅವಸರದಲ್ಲಿ ಊರಿನ ಅಂಗಡಿಯಿಂದ "26ರದ್ದು ಕೊಡಿ" ಅಂತ ತಂದು, ಅಂಗಳದಲ್ಲಿ ಕೂತು ಹಾಕಲು ನೋಡಿದರೆ ಅಮ್ಮನ ಬಳೆ ಮಗುವಿನ ಕೈಗೆ ಹಾಕಿದ ಹಾಗೆ ಆಯಿತು. ಟಯರಿನ ಬದಿಯಲ್ಲಿ 559 ಎಂಬ ನಂಬರ್ ಇದೆಯೋ ನೋಡಿಯೇ ದುಡ್ಡು ಕೊಡಿ. ಈಗ ಹಾಕಿರುವುದು ನಡುವೆ ನಯ, ಬದಿಯಲ್ಲಿ ಹಲ್ಲು ಇರುವ 1.95 ಇಂಚು ಅಗಲದ್ದು. ಡಾಮಾರಿಗೂ ಆಯಿತು, ಕಚ್ಚಾ ರಸ್ತೆಗೂ ಆಯಿತು. ಪಾಚಿ ಹಿಡಿದ ಮುರಕಲ್ಲಿಗೆ ಯಾವ ಟಯರೂ ಆಗುವುದಿಲ್ಲ, ಇಳಿದು ನಡೆಯಿರಿ.

ಇನ್ನು ಗೇರು. ಮುಂದೆ 42-34-24 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನ 7 ಸ್ಪೀಡ್ ಫ್ರೀವೀಲ್, ಅಂದರೆ ಹಲ್ಲುಚಕ್ರಗಳ ಗೊಂಚಲು. ಅತಿ ಹಗುರದ ಗೇರಿನಲ್ಲೂ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 1.75 ಮೀಟರ್ ಮುಂದೆ ಹೋಗುತ್ತದೆ. ಹಗುರದ ಸೈಕಲ್ಲಿಗೆ ಸಾಕು, ಇದಕ್ಕೆ ಸಾಲದು. ಮೊದಲ ವರ್ಷ ಚಡಾವಿನ ಅರ್ಧದಲ್ಲಿ ದಿನವೂ ಇಳಿದು ತಳ್ಳುತ್ತಿದ್ದೆ. ಎದುರು ಬರುವವರೆಲ್ಲ "ಪಂಕ್ಚರ್ ಆಯ್ತಾ?" ಎನ್ನುವುದು, ನಾನು ಹೌದು ಎನ್ನುವುದು.

ಹಿಂದಕ್ಕೆ 34 ಹಲ್ಲಿನ ಶಿಮಾನೊ ಫ್ರೀವೀಲ್ ತರಿಸಿದೆ. ಒಂದು ಸುತ್ತಿಗೆ ಈಗ 1.45 ಮೀಟರ್. ಕಾಗದದಲ್ಲಿ 30 ಸೆಂಟಿಮೀಟರ್ ಕಮ್ಮಿ, ಕಾಲಿಗೆ ಅದು ದೊಡ್ಡ ವಿಷಯ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಳೆಯ ಡಿರೇಲರ್ 34ನ್ನು ಹಿಡಿಯಲಿಲ್ಲ, ಅದೂ ಹೊಸದು, ಚೈನೂ ಉದ್ದದ್ದು. ಒಟ್ಟು 2,100 ಆಯಿತು. ಹಳೆಯ ಫ್ರೀವೀಲ್ ಬಿಚ್ಚಿದ್ದು ಒಂದು ಸಾಹಸ. ತುಳಿದಷ್ಟೂ ಅದು ಬಿಗಿಯುತ್ತಾ ಹೋಗುತ್ತದೆ, ಅಲ್ವಾ? ಸ್ಪಾನರ್‌ಗೆ ಬಗ್ಗಲಿಲ್ಲ. ಕೊನೆಗೆ ಗ್ರಿಲ್ ಮಾಡುವ ವರ್ಕ್‌ಶಾಪ್‌ಗೆ ಒಯ್ದೆ. ಅಲ್ಲಿಯವರು ರಿಮೂವರನ್ನು ವೈಸಿಗೆ ಕಚ್ಚಿಸಿ, ಅದರ ಮೇಲೆ ಚಕ್ರ ಕೂರಿಸಿ, ಚಕ್ರವನ್ನೇ ಬಸ್ಸಿನ ಸ್ಟೇರಿಂಗ್ ಹಾಗೆ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು. 'ಟಕ್' ಎಂದಿತು. ಚಹಾಕ್ಕೂ ದುಡ್ಡು ತೆಗೆದುಕೊಳ್ಳಲಿಲ್ಲ.

ಇದೇ ಗೇರಿನಲ್ಲಿ ಒಂದು ಭಾನುವಾರ ಪೊಸಡಿ ಗುಂಪೆ ಗುಡ್ಡಕ್ಕೂ ಹೋಗಿ ಬಂದೆ. ಧರ್ಮತ್ತಡ್ಕದ ಮೇಲಿನ ಚಡಾವಿನಲ್ಲಿ ನಡೆಯುವವನಷ್ಟೇ ಸ್ಪೀಡು. ಆದರೆ ಇಳಿಯಲಿಲ್ಲ. ರಸ್ತೆ ಮುಗಿದಲ್ಲಿ ಸೈಕಲ್ ಬಿಟ್ಟು ನೆತ್ತಿಗೆ ನಡೆದು, ಸಮುದ್ರ ನೋಡುತ್ತಾ ಅವಲಕ್ಕಿ ತಿಂದೆ.

ವಾರಂಟಿ ವಿಷಯ ಬರೆಯದೆ ಇರಲು ಆಗುವುದಿಲ್ಲ. ಎರಡನೇ ತಿಂಗಳಲ್ಲೇ ಪೆಡಲ್ ತುಳಿಯುವಾಗ ಕಟಕಟ ಶಬ್ದ. ಮಂಗಳೂರಿನ ಅಂಗಡಿಗೆ ಫೋನ್ ಮಾಡಿದರೆ "ನಿಮ್ಮದು ಕೇರಳ, ಅಲ್ಲಿಯ ಡೀಲರ್ ಹತ್ತಿರ ಹೋಗಿ" ಎಂದರು. ಕಾಸರಗೋಡಿನ ಡೀಲರ್ ಬಿಲ್ ನೋಡಿ "ಇದು ಕರ್ನಾಟಕದ ಬಿಲ್ಲು, ತೆಗೆದುಕೊಂಡಲ್ಲಿಗೇ ಹೋಗಿ" ಎಂದರು, ಮಲಯಾಳದಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಮ್ಮ ಕಥೆ ಇದೇ. ಸಿಟ್ಟಿನಲ್ಲಿ ನಾನೇ ಬಿಚ್ಚಲು ಕಲಿತೆ. ಪೆಡಲಿನ ಅಕ್ಸೆಲ್ ತಿರುಗುವ ಗೂಡಿಗೆ ಬಿಬಿ (ಬಾಟಮ್ ಬ್ರಾಕೆಟ್) ಎನ್ನುತ್ತಾರೆ. ಬಲಬದಿಯ ಬಿಬಿ ಕಪ್ಪಿನ ಮರೆ (ತ್ರೆಡ್) ಉಲ್ಟಾ, ಬಲಕ್ಕೆ ತಿರುಗಿಸಿದರೆ ಸಡಿಲ ಆಗುವುದು. ಎಡ ಪೆಡಲಿನದೂ ಹಾಗೇ ಉಲ್ಟಾ. ಇದು ಗೊತ್ತಾಗುವ ಮೊದಲು ಅರ್ಧ ಗಂಟೆ ಬಿಗಿ ಮಾಡುತ್ತಾ ಕೂತಿದ್ದೆ.

ಕಪ್ಪು ಹೊರಗೆ ಬಂತು, ಹಿಂದೆಯೇ ಅರ್ಧ ಲೋಟ ನೀರು. ಹಾಲು ಹಾಕದ ಕಟ್ಟಂಚಹಾದ ಬಣ್ಣ. ಸೀಟಿನ ಪೈಪಿನಿಂದ ಇಳಿದ ಮಳೆನೀರು ಬಿಬಿ ಗೂಡಿನಲ್ಲಿ ನಿಂತು ಒಳಗಿನಿಂದ ತುಕ್ಕು ತಿನ್ನುತ್ತಿತ್ತು. ಉಕ್ಕಿನ ಫ್ರೇಮಿಗೆ ಹೊರಗಿನ ತುಕ್ಕು ಲೆಕ್ಕಕ್ಕಿಲ್ಲ, ಒಳಗಿನದೇ ಶತ್ರು. ಗೂಡಿನ ಅಡಿಗೆ 5 ಮಿಲಿಮೀಟರ್ ತೂತು ಕೊರೆದೆ, ನೀರು ಇಳಿದುಹೋಗಲಿ ಅಂತ. ಪೈಪುಗಳ ಒಳಗೆ ಮೊದಲು ಸುಮ್ನೆ ತೆಂಗಿನೆಣ್ಣೆ ಹೊಯ್ದೆ. ಅದು ಒಣಗುವುದಿಲ್ಲ, ಧೂಳು ಮೆತ್ತಿಕೊಂಡು ಇರುವೆ ಸಾಲು ಹಿಡಿಯಿತು. ಆಮೇಲೆ ಪೈಂಟ್ ಅಂಗಡಿಯಿಂದ ಲಿನ್ಸೀಡ್ ಎಣ್ಣೆ ತಂದು ಹೊಯ್ದು, ಫ್ರೇಮನ್ನು ಎಲ್ಲಾ ಕಡೆಗೂ ಹೊರಳಿಸಿ, ನಾಲ್ಕು ದಿನ ತಲೆಕೆಳಗಾಗಿ ನೇತು ಹಾಕಿದೆ. ಅದು ಒಣಗಿ ಪದರ ಕಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಮಾಡುತ್ತೇನೆ. ಸೀಟ್ ಪೋಸ್ಟ್‌ಗೆ ಗ್ರೀಸ್ ಹಚ್ಚುವುದು ಮರೆಯಬೇಡಿ. ಅಲ್ಯೂಮಿನಿಯಂ ಪೋಸ್ಟ್ ಉಕ್ಕಿನ ಪೈಪಿನೊಳಗೆ ನಮ್ಮ ಉಪ್ಪು ಗಾಳಿಯಲ್ಲಿ ಹಿಡಿದುಕೊಂಡರೆ ಮತ್ತೆ ಬಿಡುವುದಿಲ್ಲ.

ತುಕ್ಕಿನ ಮಾತು ಬಂದಾಗ ಮೈಲುತುತ್ತಿನ (ತಾಮ್ರದ ಸಲ್ಫೇಟಿನ) ಕಥೆ. ತೋಟಕ್ಕೆ ಮದ್ದು ಬಿಡುವ ಸಮಯ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬದಿಯಡ್ಕದಿಂದ ಬರುವಾಗ 5 ಕಿಲೋ ಮೈಲುತುತ್ತು ಕ್ಯಾರಿಯರ್‌ನಲ್ಲಿ ಕಟ್ಟಿ ತಂದೆ. ದಾರಿಯಲ್ಲಿ ಜಡಿಮಳೆ, ಪ್ಲಾಸ್ಟಿಕ್ ತೊಟ್ಟೆ ಒಡೆದಿತ್ತು. ನೀಲಿ ನೀರು ಹಿಂದಿನ ಪೈಪಿನಲ್ಲಿ ಇಳಿದಿದೆ, ನಾನು ನೋಡಲಿಲ್ಲ. ಬೆಳಗ್ಗೆ ನೋಡಿದರೆ ಪೈಂಟ್ ಎದ್ದುಹೋದ ಕಡೆಯಲ್ಲೆಲ್ಲ ಹೊಸ ತಾಮ್ರದ ಹಂಡೆಯ ಬಣ್ಣ! ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂತದ್ದು. ಹೈಸ್ಕೂಲಿನಲ್ಲಿ ಮೊಳೆ ಅದ್ದಿ ತೋರಿಸಿದ್ದ ಪ್ರಯೋಗ ನನ್ನ ಸೈಕಲ್ ಮೇಲೆಯೇ ಆಗಿತ್ತು. ನೋಡಲು ಚಂದ ಅಂತ ಹಾಗೇ ಬಿಟ್ಟೆ, ತಪ್ಪು ಮಾಡಿದೆ. ಅದರ ಅಡಿಯಲ್ಲಿ ತುಕ್ಕು ಇಮ್ಮಡಿ ಓಡಿತು. ಉಜ್ಜಿ, ಪ್ರೈಮರ್ ಹೊಡೆದು, ಕಾರಿನ ಹಸಿರು ಪೈಂಟ್ ಬಳಿದೆ. ಬಣ್ಣ ಸರಿ ಹೊಂದಲಿಲ್ಲ. ಇರಲಿ.

ಈ ಕ್ಯಾರಿಯರ್ ಮೇಲೆ ಹಿಂಡಿ ಗೋಣಿಯೂ ಬಂದಿದೆ. ಮೂರನೇ ಸಲಕ್ಕೆ ಹಿಂದಿನ ಅಕ್ಸೆಲ್ ಬಗ್ಗಿತು. ಫ್ರೀವೀಲ್ ಹಬ್ಬಿನಲ್ಲಿ ಬಲಬದಿಯ ಬೇರಿಂಗ್ ತುಂಬಾ ಒಳಗೆ ಇರುತ್ತದೆ, ಹೊರಗಿನ ಉದ್ದಕ್ಕೆ ಆಧಾರ ಇಲ್ಲ. ಸ್ಪಾನರ್ ಇಲ್ಲದೆ ಬಿಚ್ಚುವ ಕ್ವಿಕ್ ರಿಲೀಸಿನ ಟೊಳ್ಳು ಅಕ್ಸೆಲ್ ತೆಗೆದು 10 ಮಿಲಿಮೀಟರಿನ ಗಟ್ಟಿ ಅಕ್ಸೆಲ್, ನಟ್ಟು ಹಾಕಿಸಿದೆ. ಬರೀ 180 ರೂಪಾಯಿ. ಈಗ ಪಂಕ್ಚರ್ ಆದರೆ 15ರ ಸ್ಪಾನರ್ ಬೇಕು, ಅಷ್ಟೇ.

ಹಾಳು ಮಾಡಿದ ದುಡ್ಡಿನ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ಹಗುರ ಮಾಡುವ ಹುಚ್ಚಿನಲ್ಲಿ ಅಲ್ಯೂಮಿನಿಯಂ ಹ್ಯಾಂಡಲ್, ಸೀಟ್ ಪೋಸ್ಟ್, ಪೆಡಲ್ ಎಲ್ಲ ತಂದೆ. ರಿಮ್ಮೂ ಸೇರಿ 17 ಕಿಲೋ 100ಕ್ಕೆ ಬಂತು. ಹತ್ತುವಾಗ ಎಂತದೂ ಗೊತ್ತಾಗಲಿಲ್ಲ. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ ಅಳತೆ ತಪ್ಪಿ 25.4 ಮಿಲಿಮೀಟರಿನದ್ದು ತರಿಸಿದ್ದೆ, ಬೇಕಾದದ್ದು 22.2. ಅದು ಇನ್ನೂ ಕಪಾಟಿನಲ್ಲಿ ಉಂಟು, ಬೇಕಾದವರು ಹೇಳಿ. ಚರ್ಮದ ಸೀಟು ಈ ಸೈಕಲ್ಲಿಗೆ ರಾಜಕಳೆ ಕೊಟ್ಟಿತ್ತು. ಆಟಿ ತಿಂಗಳಲ್ಲಿ ಅದರ ಮೇಲೆ ಬೆಳ್ಳಗೆ ಬೂಸು ಬಂತು, ಹಳೇ ಹಲಸಿನ ಹಪ್ಪಳದ ಹಾಗೆ. ಈಗ ಮಳೆಗಾಲದಲ್ಲಿ ಅದು ಅಟ್ಟದ ಮೇಲೆ, ಒಲೆಯ ಹೊಗೆಗೆ. ನವರಾತ್ರಿ ಮುಗಿದ ಮೇಲೆ ಸೈಕಲ್ಲಿಗೆ.

ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡು, ಲೈಟು ಎಲ್ಲ ಸೇರಿದ ಮೇಲೆ ಕಳೆದ ವರ್ಷ ಮತ್ತೆ ತಕ್ಕಡಿಗೆ ಹಾಕಿದೆ. 19 ಕಿಲೋ 600. ತಂದಾಗಿನದಕ್ಕಿಂತ ಜಾಸ್ತಿ! ಆದರೆ ಈಗ ಚಡಾವಿನಲ್ಲಿ ಇಳಿಯುವುದಿಲ್ಲ, ಇಳಿಜಾರಿನಲ್ಲಿ ಕಣಿಗೆ ಬೀಳುವುದಿಲ್ಲ. ಗುಂಡಿ ರಸ್ತೆಯಲ್ಲಿ ಹಿಂಡಿ ಗೋಣಿ ಹೊತ್ತು ಬರುವಾಗ ಈ ಭಾರದ ಫ್ರೇಮು ಅಲ್ಲಾಡುವುದಿಲ್ಲ. ಗೆಳೆಯನ ಹಗುರದ ಸೈಕಲ್ಲಿಗೆ ಅದೇ ಗೋಣಿ ಕಟ್ಟಿ ನೋಡಿದ್ದೆವು, ಬಾಲ ಬೀಸುವ ದನದ ಹಾಗೆ ಹಿಂಭಾಗ ಆಡುತ್ತಿತ್ತು.

ಒಟ್ಟು ಖರ್ಚು ಸೈಕಲ್ ಬಿಟ್ಟು ಸುಮಾರು 12,000. ಅದರಲ್ಲಿ ರಿಮ್, ಗೇರು, ಟಯರು, ಅಕ್ಸೆಲ್‌ಗೆ ಹಾಕಿದ್ದು ಪೈಸೆ ಪೈಸೆಯೂ ವಸೂಲಿ. ದಿನಕ್ಕೆ 30 ಕಿಲೋಮೀಟರ್ ಹೋಗುವವರು, ಸೈಕಲ್ ಎತ್ತಿ ಮೆಟ್ಟಿಲು ಹತ್ತಬೇಕಾದ ಫ್ಲಾಟಿನವರು ಇದರ ಹತ್ತಿರ ಬರಬೇಡಿ. 10 ಕಿಲೋಮೀಟರ್ ಒಳಗಿನ ಓಡಾಟ, ಸಾಮಾನು ಸಾಗಾಟ, ಸ್ಪಾನರ್ ಹಿಡಿಯುವ ಆಸೆ ಇರುವವರು ಧೈರ್ಯವಾಗಿ ತೆಗೆದುಕೊಳ್ಳಬಹುದು.

ಈಗ ಕಾಡುತ್ತಿರುವುದು ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗು. ಕಪ್ಪಿನಲ್ಲಿ ಗೋಲಿಗಳು ಗುಂಡಿ ಮಾಡಿವೆ, ಹ್ಯಾಂಡಲ್ ನೇರ ಬಂದಾಗ ಕಚ್ಚಿ ನಿಲ್ಲುತ್ತದೆ. ಹ್ಯಾಂಡಲ್ ತಾನಾಗಿ ಸೀದಾ ನಿಲ್ಲುತ್ತದೆ ಅಂತ ಮಗಳಿಗೆ ಖುಷಿ. ಹೊಸದು ತರಿಸಿಯಾಗಿದೆ, ಈ ಸಲ ಎರಡು ಸಲ ಅಳತೆ ಮಾಡಿ. ಹಳೆಯ ಕಪ್ಪು ಹೊಡೆದು ತೆಗೆಯಲು ಉದ್ದದ ಪೈಪಿನ ತುಂಡು ಬೇಕು. ಶನಿವಾರ ಗ್ರಿಲ್ ವರ್ಕ್‌ಶಾಪ್‌ಗೆ ಹೋಗಬೇಕು.