ಮುತ್ತಜ್ಜನನ್ನು ಹುಡುಕಿದ ಮೂರು ದಾರಿ: ತಾಲ್ಲೂಕಿನ ಡೈರಿ, ಹೆಳವರ ಪುಸ್ತಕ, ಹೊಲದ ಗದ್ದಿಗೆ

ನಮ್ಮ ಮುತ್ತಜ್ಜ ಹಾವು ಕಚ್ಚಿ ಸತ್ತ. ಹೀಗಂತ ಮನೆಯಲ್ಲಿ ಮೂರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದೇವೆ. ಯಾವ ವರ್ಷ ಅಂತ ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅವನ ಹೆಂಡತಿಯ ಹೆಸರೇನು? ಅದೂ ಗೊತ್ತಿಲ್ಲ. "ಎಲ್ಲಾರೂ ಅವ್ವಾ ಅಂತಿದ್ರು" ಅನ್ನೋದಷ್ಟೇ ಉತ್ತರ.

ಎರಡು ವರ್ಷ, ರಜೆ ಸಿಕ್ಕಾಗಲೆಲ್ಲ ಬೆಂಗಳೂರಿನಿಂದ ಧಾರವಾಡ ಸೀಮೆಯ ನಮ್ಮೂರಿಗೆ ಹೋಗಿ ಇದನ್ನೇ ಹುಡುಕಿದೆ. ಒಂದು, ತಾಲ್ಲೂಕು ಕಚೇರಿಯ ಹಳೇ ಜಮೀನು ದಾಖಲೆ. ಎರಡು, ವಂಶಾವಳಿ ಹೇಳುವ ಹೆಳವರು. ಮೂರು, ಹೊಲದಲ್ಲಿರುವ ನಮ್ಮ ಹಿರಿಯರ ಗದ್ದಿಗೆಗಳು, ಅಂದರೆ ಸಮಾಧಿಗಳು. ಯಾವುದು ಎಷ್ಟು ಕೊಟ್ಟಿತು, ಎಲ್ಲಿ ಕೈಕೊಟ್ಟಿತು ಅಂತ ಬರೆಯುತ್ತೇನೆ. ಹರಿದ್ವಾರದ ಪಂಡಾಗಳು ಯಾತ್ರೆಗೆ ಬಂದವರ ವಂಶಾವಳಿ ಬರೆದಿಡುವ ವಹಿ ನೋಡಿದೆಯಾ ಅಂತ ಕೆಲವರು ಕೇಳಿದರು. ನಮ್ಮ ಮನೆತನದಲ್ಲಿ ಶ್ರೀಶೈಲ ದಾಟಿ ಉತ್ತರಕ್ಕೆ ಹೋದವರೇ ಇಲ್ಲ, ಹಾಗಾಗಿ ಅದನ್ನು ಬಿಟ್ಟೆ.

ಮೊದಲು ಕಾಗದ. ಓದು ಬಲ್ಲವನಿಗೆ ಇದೇ ಸುಲಭ ಅಂದುಕೊಂಡಿದ್ದೆ. ದಾರಿಯೇನೋ ಸರಳವಾಗಿಯೇ ಇದೆ. ನಿಮ್ಮ ಹೊಲದ ಪಹಣಿ ತೆಗೆಯಿರಿ, ನಮ್ಮ ಕಡೆ ಅದನ್ನು ಉತಾರ ಅಂತಾರೆ. 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು ಇರುತ್ತದೆ. 10ನೇ ಕಾಲಂನಲ್ಲಿ ಆ ಹೊಲ ಅವರಿಗೆ ಹೇಗೆ ಬಂತು ಅನ್ನೋದು, ಜೊತೆಗೆ ಒಂದು ನಂಬರ್. ಅದು ಮ್ಯುಟೇಶನ್ ನಂಬರ್, ಅಂದರೆ ಹಕ್ಕು ಬದಲಾಗಿದ್ದನ್ನು ದಾಖಲಿಸಿದ ನಂಬರ್. ಆ ರಿಜಿಸ್ಟರಿಗೆ ಊರ ಕಡೆ ಡೈರಿ ಅನ್ನುತ್ತಾರೆ. ಡೈರಿಯಲ್ಲಿ ಆ ನಂಬರ್ ತೆಗೆದರೆ ಹಿಂದಿನ ಮಾಲೀಕ ಸಿಗುತ್ತಾನೆ, ಅವನಿಂದ ಅದರ ಹಿಂದಿನ ನಂಬರ್. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗಬಹುದು. ನಮ್ಮ ಜಿಲ್ಲೆಗಳು 1956ರ ತನಕ ಮುಂಬೈ ಆಡಳಿತದಲ್ಲಿದ್ದವು. ಅಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದಿದ್ದು 1903ರಲ್ಲಿ. ಹಾಗಾಗಿ ಅದೃಷ್ಟ ಇದ್ದರೆ ನೂರು ವರ್ಷ ಹಿಂದಕ್ಕೆ ಹೋಗಬಹುದು. ಹಳೇ ಮೈಸೂರು ಕಡೆಯವರಿಗೆ ಈ ಹೆಸರುಗಳು ಬೇರೆ. ಅಲ್ಲಿ ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್), ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್) ಅಂತ ಕೇಳಬೇಕು.

ಈಚಿನ ಇಪ್ಪತ್ತು ವರ್ಷದ್ದು ಸರ್ಕಾರದ ಆನ್‌ಲೈನ್ ಜಮೀನು ದಾಖಲೆ 'ಭೂಮಿ'ಯಲ್ಲಿ ಕೂತಲ್ಲೇ ಸಿಕ್ಕಿತು. ಅದರ ಹಿಂದಿನದಕ್ಕೆ ರೆಕಾರ್ಡ್ ರೂಮೇ ಗತಿ. ಅರ್ಜಿ ಕೊಟ್ಟು ಮೂರು ಸಲ ಅಲೆದೆ. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೇ ಸಲ ಬೀಗದ ಕೈ ಇಟ್ಟುಕೊಂಡವರು ರಜೆ. ಮೂರನೇ ಸಲ ಕೆಂಪು ಬಟ್ಟೆಯ ಗಂಟು ಬಿಚ್ಚಿದರೆ, ನನಗೆ ಬೇಕಾದ ವಹಿಯ ಮೇಲ್ಭಾಗವನ್ನು ಗೆದ್ದಲು ಅರ್ಧಚಂದ್ರದ ಹಾಗೆ ತಿಂದಿತ್ತು. ಪ್ರತಿ ಪುಟದಲ್ಲೂ ಹೆಸರಿದೆ, ನಂಬರ್ ಇಲ್ಲ.

ಈ ಕಾಗದದ ಭಾಷೆಗೆ ಒಗ್ಗಿಕೊಳ್ಳಲು ಒಂದು ದಿನ ಬೇಕು. ಅರ್ಧ ಕನ್ನಡ, ಅರ್ಧ ಮರಾಠಿ. ಸತ್ತವನು 'ಮಯತ'. ವಾರಸುದಾರರು ಕೊಡುವ ಅರ್ಜಿ 'ವಾರಸಾ ವರ್ದಿ'. ಇನ್ನೊಂದು ತಲೆನೋವು ಹೆಸರಿನದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡೋದು ನಮ್ಮ ಪದ್ಧತಿ. ಬಸಪ್ಪನ ಮಗ ಶಿವಪ್ಪ, ಶಿವಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಶಿವಪ್ಪ. ಒಂದೇ ಊರಲ್ಲಿ ಇಂಥ ನಾಲ್ಕು ಮನೆ ಇದ್ದರೆ ಯಾವ ಬಸಪ್ಪ ಯಾರ ಅಪ್ಪ ಅಂತ ತಿಳಿಯೋದು ಹೇಗೆ? ಅಡ್ಡಹೆಸರು ನೋಡಿ ಗುರುತು ಹಿಡಿಯೋಣ ಅಂದರೆ ಅದೂ ಬದಲಾಗಿದೆ. ನಮ್ಮ ಈಗಿನ ಅಡ್ಡಹೆಸರು ಹಳೇ ಡೈರಿಯಲ್ಲಿ ಎಲ್ಲೂ ಇಲ್ಲ. ಅದು ಅಪ್ಪನ ಕಾಲಕ್ಕೆ ಶಾಲೆಯ ಮಾಸ್ತರರು ಬರೆದುಕೊಂಡಿದ್ದಂತೆ. ಅಪ್ಪನ ಹುಟ್ಟಿದ ದಿನ ಜೂನ್ 1 ಅಂತ ಬರೆದವರೂ ಅವರೇ. ನಮ್ಮೂರಲ್ಲಿ ಆ ವಯಸ್ಸಿನವರಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದ್ದಾರೆ.

ಇಷ್ಟೆಲ್ಲ ಮಾಡಿ ಮೇಲೆ ಬಂದಿದ್ದು ಅಜ್ಜನ ತನಕ ಮಾತ್ರ. ಈಗ ನಮ್ಮ ಕೈಯಲ್ಲಿರುವ ಹೊಲ ಅಜ್ಜ ತಾನೇ ಖರೀದಿ ಮಾಡಿದ್ದು. ಅದರ ಹಿಂದಿನ ಡೈರಿ ಬೇರೆಯವರ ಮನೆತನದ್ದು. ಕಾಗದದ ದೊಡ್ಡ ದೋಷ ಇದು. ಅದು ಹಿಡಿದುಕೊಂಡು ಹೋಗೋದು ಮಣ್ಣನ್ನು, ಮನುಷ್ಯರನ್ನಲ್ಲ. ಹೊಲ ಕೈಬಿಟ್ಟರೆ ಹಿರಿಯರೂ ಕೈಬಿಟ್ಟ ಹಾಗೆ.

ಹೆಳವರನ್ನು ಹುಡುಕಿಕೊಂಡು ಹೋಗೋದು ಕಷ್ಟ. ಅವರಾಗಿ ಬರಬೇಕು. ಹೆಳವ ಅಂದರೆ ಕುಂಟ ಅಂತ ಅರ್ಥ. ಹಿಂದೆ ಎತ್ತಿನ ಮೇಲೆ ಕೂತು, ಕಾಲು ಕಾಣದ ಹಾಗೆ ಹೊದ್ದು, ಗಂಟೆ ಬಾರಿಸುತ್ತಾ ಊರಿಗೆ ಬರುತ್ತಿದ್ದರು. ಯಾವ ಊರು, ಯಾವ ಮನೆತನ ಯಾರಿಗೆ ಅಂತ ಅವರೊಳಗೇ ಹಂಚಿಕೆ ಇರುತ್ತದೆ. ಸುಗ್ಗಿ ಮುಗಿದ ಮೇಲೆ, ಕೆಲವೊಮ್ಮೆ ನಾಲ್ಕೈದು ವರ್ಷಕ್ಕೊಮ್ಮೆ ಬಂದು ವಂಶಾವಳಿ ಹಾಡಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು ಬಟ್ಟೆ ದುಡ್ಡು ತೆಗೆದುಕೊಂಡು ಹೋಗುತ್ತಾರೆ. ನಮ್ಮ ಹೆಳವರು ಬಂದಿದ್ದು ಟಾಟಾ ಏಸ್ ಗಾಡಿಯಲ್ಲಿ. ಊರಿನಿಂದ ಕಾಕಾ (ಚಿಕ್ಕಪ್ಪ) ಫೋನ್ ಮಾಡಿದ ದಿನವೇ ರಾತ್ರಿ ಬಸ್ಸು ಹತ್ತಿದೆ.

ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದೆವು. ಹಿರಿಯ ಹೆಳವರು ಪ್ಲಾಸ್ಟಿಕ್ ಚೀಲದಿಂದ ಒಂದು ದಪ್ಪ ಲೆಕ್ಕದ ಪುಸ್ತಕ ತೆಗೆದರು. ಆದರೆ ಅದನ್ನು ನೋಡಿದ್ದು ಕಮ್ಮಿ. ಕಣ್ಣು ಮುಚ್ಚಿ, ಒಂದು ಕೈ ಕಿವಿಗೆ ಇಟ್ಟು ಶುರು ಮಾಡಿದರು. ಮನೆದೇವರು, ಬೆಡಗು (ಗೋತ್ರದ ಹಾಗೆ ಮನೆತನದ ಗುರುತು), ಮೂಲಸ್ಥಳ, ಅಲ್ಲಿಂದ ಹೊರಟ ಮೂವರು ಅಣ್ಣತಮ್ಮಂದಿರು, ಅವರಲ್ಲಿ ಒಬ್ಬ ನಮ್ಮೂರಿಗೆ ಬಂದಿದ್ದು. ಹತ್ತು ನಿಮಿಷದಲ್ಲಿ ಎಂಟು ತಲೆಮಾರು. ಮೂರು ಸಲ ತಾಲ್ಲೂಕಿಗೆ ಅಲೆದವನಿಗೆ ಇದು ಮಾಯೆಯ ಹಾಗೆ ಅನಿಸಿತು.

ಆಮೇಲೆ ಪ್ರಶ್ನೆ ಕೇಳಲು ಶುರು ಮಾಡಿದೆ. ವರ್ಷ ಯಾವುದು ಅಂದರೆ "ಪ್ಲೇಗಿನ ಮುಂದ", "ಬರಾ ಬಿದ್ದ ಮ್ಯಾಲ" ಅನ್ನುತ್ತಾರೆ. ಹೊಗಳಿಕೆಯೂ ಜಾಸ್ತಿ. ನಮ್ಮ ಹಿರಿಯರದು "ಏಳು ಎತ್ತಿನ ಒಕ್ಕಲತನ" ಅಂದರು. ಏಳು ಎತ್ತು ಅಂದರೆ ಮೂರು ಜೋಡಿ ಆಗಿ ಒಂದು ಉಳಿಯುತ್ತದೆ, ಅಲ್ವಾ? ಕೇಳಲಿಲ್ಲ. ದಾನ ಕೊಡೋ ಮನೆಯ ಹಿರಿಯರು ಬಡವರಾಗಿದ್ದರು ಅಂತ ಯಾರು ತಾನೇ ಹೇಳುತ್ತಾರೆ. ಹೆಣ್ಣುಮಕ್ಕಳ ಹೆಸರು ಇಲ್ಲ. ಸೊಸೆಯರ ಹೆಸರಿಲ್ಲ, ಕೆಲವರ ತವರೂರು ಮಾತ್ರ ಇದೆ. ಮುತ್ತಜ್ಜಿ ಅವರ ಪುಸ್ತಕದಲ್ಲಿ ಒಂದು ಊರಿನ ಹೆಸರು, ಅಷ್ಟೇ.

ಆದರೆ ಎರಡು ಮಾತು ಕಿವಿ ನೆಟ್ಟಗಾಗುವಂಥವು ಬಂದವು. ಮುತ್ತಜ್ಜ ಸತ್ತಿದ್ದು ಹೇಗೆ ಅಂದೆ. "ಹಾವಲ್ರೀ ಯಪ್ಪಾ. ಬ್ಯಾನಿ ಬಂದಿತ್ತಲ್ಲ ಊರ ತುಂಬಾ, ಆ ವರ್ಷ ಹ್ವಾದರು" ಅಂದರು. ಇನ್ನೊಂದು, ಮುತ್ತಜ್ಜನಿಗೆ ಇಬ್ಬರು ಗಂಡುಮಕ್ಕಳು ಅಂದರು. ಕಾಕಾ ತಕ್ಷಣ, "ಇಲ್ಲ, ನಮ್ಮಪ್ಪ ಒಬ್ಬನ" ಅಂದರು. ಹೆಳವರು ಪುಸ್ತಕ ತಿರುವಿ ಬೆರಳಿಟ್ಟು ತೋರಿಸಿದರು. ಎರಡು ಹೆಸರಿದ್ದವು. ಇದು ಅವರ ಅಜ್ಜ ಬರೆದಿದ್ದನ್ನು ಅವರಪ್ಪ ಕಾಪಿ ಮಾಡಿದ್ದಂತೆ. "ಆ ಸಲ ಬಂದಾಗ ಕೂಸು ಇತ್ತು, ಬರಕೊಂಡಾರ. ಮುಂದಿಂದು ನೀವ ಹೇಳ್ಬೇಕು."

ಮೂರನೆಯದು ಗದ್ದಿಗೆ. ಸ್ಮಶಾನದಲ್ಲಿ ಏನು ಸಿಗುತ್ತದೆ ಅನ್ನೋದು ನೀವು ಯಾರು ಅನ್ನೋದರ ಮೇಲಿದೆ. ಮಂಗಳೂರಿನ ಕ್ರೈಸ್ತ ಗೆಳೆಯನೊಬ್ಬನ ಜೊತೆ ಅವನ ಚರ್ಚಿಗೆ ಹೋಗಿದ್ದೆ. ಕಲ್ಲಿನ ಮೇಲೆ ಹೆಸರು, ಹುಟ್ಟಿದ್ದು, ತೀರಿಕೊಂಡಿದ್ದು. ಒಳಗೆ ರಿಜಿಸ್ಟರಿನಲ್ಲಿ ದೀಕ್ಷಾಸ್ನಾನದ ದಿನ, ಅಪ್ಪ ಅಮ್ಮನ ಹೆಸರು, ಜ್ಞಾನಪಿತರ (ಗಾಡ್‌ಪೇರೆಂಟ್ಸ್) ಹೆಸರು. ಒಂದೇ ಮಧ್ಯಾಹ್ನದಲ್ಲಿ ಅವನಿಗೆ ನಾಲ್ಕು ತಲೆಮಾರು ಸಿಕ್ಕಿತು, ಅದರಲ್ಲಿ ಹೆಂಗಸರ ಹೆಸರೂ ಇದ್ದವು. ಹೊಟ್ಟೆ ಉರಿಯಿತು ನನಗೆ. ಸುಡುವ ಪದ್ಧತಿಯವರಿಗೆ ಹುಡುಕಲು ಕಲ್ಲೂ ಇರೋದಿಲ್ಲ. ನಾವು ಲಿಂಗಾಯತರು ನಡುವಿನವರು. ಕೂರಿಸಿ ಹೂಳುತ್ತೇವೆ, ಮೇಲೆ ಕಲ್ಲು ಇಡುತ್ತೇವೆ, ಅಕ್ಷರ ಬರೆಯೋದಿಲ್ಲ. ಈಗೀಗ ಗ್ರಾನೈಟ್ ಹಾಕಿ ಫೋಟೋ ಸಮೇತ ಬರೆಸುತ್ತಾರೆ. ಹಳೆಯವು ಬರೀ ಕಲ್ಲು. ಹೆಚ್ಚೆಂದರೆ ಒಂದು ಲಿಂಗ, ಒಂದು ಬಸವಣ್ಣ.

ಹಾಗಾಗಿ ಈ ದಾರಿಯಿಂದ ಏನೂ ಸಿಗೋದಿಲ್ಲ ಅಂತ ಕೊನೆಗೆ ಇಟ್ಟುಕೊಂಡಿದ್ದೆ. ತಪ್ಪು ಲೆಕ್ಕ.

ಕಾಕಾಗೆ 84 ವರ್ಷ. ಮಹಾಲಯ ಅಮಾವಾಸ್ಯೆಗೆ ಕಾಯಿ ಒಡೆಸಲು ಹೋಗುವ ಜಾಗ ಅವರಿಗಷ್ಟೇ ಸರಿಯಾಗಿ ಗೊತ್ತು. ಮೋಟಾರ್ ಸೈಕಲ್ ಮೇಲೆ ಕೂರಿಸಿಕೊಂಡು ಹೋದೆ. ಅದು ನಮ್ಮ ಹೊಲ ಅಲ್ಲ, ಬೇರೆಯವರದು. ಬದುವಿನ ಪಕ್ಕ ಒಂದು ಬನ್ನಿ ಗಿಡ, ಅದರ ಕೆಳಗೆ ಸಾಲಾಗಿ ಐದು ಕಲ್ಲು. ಹೊಲದವರು ಇವತ್ತಿಗೂ ಅಷ್ಟು ಜಾಗ ಬಿಟ್ಟು ರಂಟೆ ಹೊಡೆಯುತ್ತಾರೆ. ಕಾಕಾ ಬಡಿಗೆ ಊರಿ ಒಂದೊಂದನ್ನೇ ತೋರಿಸಿದರು. ಇದು ಅಪ್ಪಂದು. ಇದು ಅಪ್ಪನ ಅವ್ವಂದು. ಇದು ಅಜ್ಜಂದು, ಅಂದರೆ ನನ್ನ ಮುತ್ತಜ್ಜಂದು. ಅದರಾಚೆದು ಗೊತ್ತಿಲ್ಲ. ಕೊನೆಯದು ಒಂದು ಗೇಣಿನ ಕಲ್ಲು. "ಇದು ಯಾರದೋ ಕೂಸಿಂದು, ನಮ್ಮವ್ವ ಇದಕ್ಕೂ ಕುಂಕುಮ ಹಚ್ಚು ಅಂತಿದ್ಲು" ಅಂದರು. ಹೇಳಿ ಮುಗಿಸಿ ಸುಮ್ನೆ ನಿಂತರು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಹೆಳವರ ಪುಸ್ತಕದ ಎರಡನೇ ಹೆಸರು ಇದೇ ಇರಬೇಕು.

ನಮ್ಮ ಹಿರಿಯರು ಬೇರೆಯವರ ಹೊಲದಲ್ಲಿ ಯಾಕೆ ಇದ್ದಾರೆ? ಹಿಂದೆ ಅದು ನಮ್ಮದೇ ಇರಬೇಕು, ಇನ್ನೇನು. ಅಲ್ಲೇ ನಿಂತು ಆ ಹೊಲದ ಸರ್ವೆ ನಂಬರ್ ಬರೆದುಕೊಂಡೆ. ಮತ್ತೆ ರೆಕಾರ್ಡ್ ರೂಮು, ನಾಲ್ಕನೇ ಸಲ. ಈ ಸಲ ಅರ್ಜಿಯಲ್ಲಿ ಆ ನಂಬರ್. ನಮ್ಮ ಪುಣ್ಯ, ಆ ಗಂಟಿಗೆ ಗೆದ್ದಲು ಹತ್ತಿರಲಿಲ್ಲ. 1934ರಲ್ಲಿ ಅಜ್ಜ ಆ ಹೊಲವನ್ನು ಮಾರಿದ್ದು ಸಿಕ್ಕಿತು. 6 ಎಕರೆ 20 ಗುಂಟೆ. ಏಳು ಎತ್ತಿನ ಕಥೆ ಅಲ್ಲಿಗೆ ಮುಗಿಯಿತು.

ಅದರ ಹಿಂದಿನ ಡೈರಿ ತಿರುವುತ್ತಾ ಹೋದೆ. 1918ರ ಕೊನೆ, 1919ರ ಶುರು. ಬೇರೆ ವರ್ಷಗಳಲ್ಲಿ ಖರೀದಿ, ಒತ್ತೆ, ವಾಟ್ನಿ (ಆಸ್ತಿ ಪಾಲು) ಎಲ್ಲ ಕಲೆತುಕೊಂಡು ಬರುತ್ತವೆ. ಈ ಪುಟಗಳಲ್ಲಿ ಒಂದರ ಕೆಳಗೆ ಒಂದು ವಾರಸಾ ವರ್ದಿಗಳೇ. ಮಯತ, ಮಯತ, ಮಯತ. ಮುಂಬೈ ಪ್ರಾಂತ್ಯವನ್ನು ಇನ್‌ಫ್ಲುಯೆಂಜಾ ಹೊಡೆದ ಕಾಲ ಅದು. ಅವುಗಳ ನಡುವೆ ನಮ್ಮದೂ ಇತ್ತು. ಮುತ್ತಜ್ಜನ ಹೆಸರಿನ ಮುಂದೆ ಮಯತ. ಅದರ ಕೆಳಗೆ ಅಜ್ಜನ ಹೆಸರು, ಪಕ್ಕದಲ್ಲಿ ಮೂರಕ್ಷರ: ಅ.ಪಾ.ಕ. ಏನಿದು ಅಂತ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಬಾಂಡ್ ರೈಟರ್ ಒಬ್ಬರನ್ನು ಕೇಳಿದೆ. "ಅಜ್ಞಾನ ಪಾಲನಕರ್ತ. ಹುಡುಗ ಸಣ್ಣಾಂವ, ತಾಯಿ ನೋಡ್ಕೋತಾಳ ಅಂತ" ಅಂದರು. ಮುಂದೆ ತಾಯಿಯ ಹೆಸರು ಬರೆದಿತ್ತು. ಪೂರ್ತಿ ಹೆಸರು, ಎಡಗೈ ಹೆಬ್ಬೆಟ್ಟಿನ ಗುರುತಿನ ಸಮೇತ. ನೂರು ವರ್ಷ 'ಅವ್ವ' ಆಗಿದ್ದವಳ ಹೆಬ್ಬೆಟ್ಟು.

ಇನ್ನು ಹೋಲಿಕೆ. ಖರ್ಚು ನೋಡಿದರೆ ಗದ್ದಿಗೆಗೆ ಒಂದು ತೆಂಗಿನಕಾಯಿ, ಒಂದು ಲೀಟರ್ ಪೆಟ್ರೋಲ್. ಹೆಳವರಿಗೆ ಎರಡು ಸಾವಿರ ರೂಪಾಯಿ, ಒಂದು ಚೀಲ ಜೋಳ, ಒಂದು ಧೋತರ ಕೊಟ್ಟೆವು. ಕಾಗದಕ್ಕೆ ನಕಲಿನ ಫೀ ಏನೂ ಅಲ್ಲ, ಓಡಾಟ ಮತ್ತು ರಜೆಯೇ ದುಬಾರಿ. ನಂಬಿಕೆ ವಿಷಯಕ್ಕೆ ಬಂದರೆ ವರ್ಷ ಮತ್ತು ಎಕರೆಗೆ ಕಾಗದವನ್ನು ಬಿಟ್ಟು ಬೇರೇನನ್ನೂ ನಂಬಬೇಡಿ. ವರ್ದಿ ಕೊಟ್ಟ ದಿನಾಂಕ ಸತ್ತ ದಿನಾಂಕ ಅಲ್ಲ ಅನ್ನೋದು ಮಾತ್ರ ನೆನಪಿರಲಿ. ನಾಲ್ಕೈದು ವರ್ಷ ತಡವಾಗಿ ಕೊಟ್ಟವರೂ ಇದ್ದಾರೆ. ಕಾಗದಕ್ಕಿಂತ ಹಿಂದಿನ ತಲೆಮಾರುಗಳಿಗೆ, ಎಲ್ಲಿಂದ ಬಂದಿರಿ ಅನ್ನೋದಕ್ಕೆ ಹೆಳವರೇ. ಅವರು ಹೇಳಿದ ಮೂಲ ಊರಿಗೆ ಹೋಗಿ ಅದೇ ಮನೆದೇವರು, ಅದೇ ಬೆಡಗು ಇರುವ ಮನೆ ಇದೆಯಾ ಅಂತ ಒಮ್ಮೆ ವಿಚಾರಿಸಿ. ನಾನು ಇನ್ನೂ ಹೋಗಿಲ್ಲ. ಪೇಶ್ವೆ ಕಾಲದ, ಮೋಡಿ ಅನ್ನುವ ಹಳೇ ಮರಾಠಿ ಲಿಪಿಯ ಕಾಗದಗಳ ತಂಟೆಗೂ ಹೋಗಿಲ್ಲ. ಓದಿಸಲು ಜನ ಸಿಗಬೇಕಲ್ಲ.

ಮತ್ತೆ ಶುರು ಮಾಡೋದಾದರೆ ಕ್ರಮ ತಿರುಗಾಮುರುಗಾ ಮಾಡುತ್ತೇನೆ. ಮೊದಲು ಗದ್ದಿಗೆ, ಅದೂ ಮನೆಯ ಅತಿ ಹಿರಿಯರನ್ನು ಕರೆದುಕೊಂಡು. ಆಮೇಲೆ ಆ ಹೊಲದ ನಂಬರ್ ಹಿಡಿದು ತಾಲ್ಲೂಕು. ಹೆಳವರು ಬಂದಾಗ ಬರಲಿ, ಅಷ್ಟರಲ್ಲಿ ಕೇಳಬೇಕಾದ ಪ್ರಶ್ನೆ ಕೈಯಲ್ಲಿರುತ್ತದೆ.

ಈ ವರ್ಷ ಅಮಾವಾಸ್ಯೆಗೆ ಕಾಕಾ ಬರಲಿಲ್ಲ, ಮೊಣಕಾಲು ನೋವು. ನಾನೊಬ್ಬನೇ ಹೋಗಿ, ವಿಡಿಯೋ ಕಾಲ್ ಮಾಡಿ ಕಲ್ಲು ತೋರಿಸಿದೆ. ಮಳೆಗೆ ಹುಲ್ಲು ಬೆಳೆದು ಸಣ್ಣ ಕಲ್ಲು ಮುಚ್ಚಿಹೋಗಿತ್ತು. ಹುಡುಕಿ ಹುಡುಕಿ ಒಂದಕ್ಕೆ ಕುಂಕುಮ ಹಚ್ಚಲು ಹೋದರೆ ಫೋನಿನಿಂದ ಕಾಕಾ ಬೈದರು: "ಅದಲ್ಲೋ, ಅದು ಬದುವಿನ ಕಲ್ಲು. ಅದರ ಎಡಕ್ಕ ನೋಡು."