ಯಾರ್ಡೆನಿಟ್: ಯೊರ್ದನ್ ನದಿಯ ದೀಕ್ಷಾಸ್ನಾನದ ಜಾಗ

ಇಸ್ರೇಲಿನ ಗಲಿಲಾಯ ಸರೋವರದಿಂದ ಯೊರ್ದನ್ ಹೊರಬೀಳುವ ಕಡೆಯೇ ಯಾರ್ಡೆನಿಟ್. ದೀಕ್ಷಾಸ್ನಾನಕ್ಕೆ, ಅಂದರೆ ನೀರಲ್ಲಿ ಮುಳುಗಿ ಕ್ರೈಸ್ತ ದೀಕ್ಷೆ ಪಡೆಯುವ ವಿಧಿಗೆ, ಬಿಳಿ ನಿಲುವಂಗಿ ಬಾಡಿಗೆಗೆ ಸಿಗುತ್ತದೆ. ಮೆಟ್ಟಿಲು, ಕಂಬಿ ಎಲ್ಲ ಅಚ್ಚುಕಟ್ಟು. ನೀರು ಹಸಿರು, ಮೀನುಗಳು ಕಾಲಿಗೇ ಬರುತ್ತವೆ. ನಮ್ಮತ್ತೆ ಕಿರುಚಿಬಿಟ್ಟರು!

ನಮ್ಮ ಗೈಡ್ ಯೆಹೂದಿ. ಅವರು ಮಿಕ್ವೆ, ಅಂದರೆ ಯೆಹೂದಿಗಳು ಶುದ್ಧಿಗಾಗಿ ಮುಳುಗೇಳುವ ಕೊಳದ ಬಗ್ಗೆ ಹೇಳಿದ್ದೇ ನನಗೆ ಜಾಸ್ತಿ ಹಿಡಿಸಿತು. ಮಳೆ ಇಲ್ಲವೇ ಬುಗ್ಗೆಯ ನೀರು, ಒಂದು ಕೂದಲೂ ಮೇಲುಳಿಯಬಾರದು. ಯೆಹೂದಿ ಧರ್ಮಕ್ಕೆ ಸೇರುವವರು ಇಂದಿಗೂ ಹಾಗೇ ಮುಳುಗೇಳುತ್ತಾರೆ. ಅಂದರೆ ಯೊರ್ದನ್‌ನಲ್ಲಿ ಯೇಸುವಿಗೂ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನನ ಬಳಿ ಬಂದ ಜನಕ್ಕೆ ಮುಳುಗು ಹೊಸದಲ್ಲ, ಅಲ್ವಾ? ಆದರೆ ಮಿಕ್ವೆಯಲ್ಲಿ ತಾವೇ ಮುಳುಗಬೇಕು, ಬೇಕಾದಾಗಲೆಲ್ಲ. ದೀಕ್ಷಾಸ್ನಾನ ಇನ್ನೊಬ್ಬರ ಕೈಯಿಂದ, ಬದುಕಿಗೆ ಒಂದೇ ಸಲ.

ಯೇಸು ದೀಕ್ಷಾಸ್ನಾನ ಮಾಡಿಸಿಕೊಂಡ ಜಾಗ ಎಂದು ಹಿಂದಿನಿಂದ ನಂಬಿರುವುದು ದಕ್ಷಿಣಕ್ಕೆ, ಯೆರಿಕೋ ಹತ್ತಿರ. ಅದೇ ಬೇಕೆಂದರೆ ಬುಕ್ ಮಾಡುವಾಗಲೇ ಕೇಳಿ. ಇಲ್ಲಿಗಾದರೆ ಬೆಳಗ್ಗೆ ಬೇಗ ಹೋಗಿ.